ಸಾಲ್ಯಾನ್ ಹೆಸರಿನವಳು

೨೫ ನವೆಂಬರ್ ೧೯೯೪, ಶುಕ್ರವಾರ

ಇವರ ಹಳೆಯ ಕಂಪೆನಿಯ ಫ್ರೆಂಚ್ ಸಾಹೇಬರು ತಮ್ಮ ಊರಿನಿಂದ ಮರಳಿದವರು ಬೆಳಿಗ್ಗೆ ಮನೆಗೆ ಬಂದಿದ್ದರು. ಇವರು ನಿವೃತ್ತರಾಗಿ ಈಗ ಮಸ್ಕತ್ತಿನಲ್ಲಿ ಹಿರಿಯ ಮಗ ಜಯಕರನ ವೀಸಾದಲ್ಲಿ ಇರುವುದು. ಆದರೂ ತಮ್ಮ ಸ್ಟೋರ್‌ಕೀಪರನನ್ನು ಸಾಹೇಬರು ಮರೆತಿಲ್ಲ. ಒಂದು ಡಬ್ಬಿ ಚಾಕಲೇಟು, ಒಂದು ಬಣ್ಣದ ವಾರಪತ್ರಿಕೆ ಕೊಟ್ಟುಹೋದರು. ಚಾಕಲೇಟನ್ನು ಮೊಮ್ಮಗ ಊಟಕ್ಕೆ ಮೊದಲೇ ಮುಗಿಸಿದ. ಸೊಸೆ ದಮಯಂತಿ ಗದರಿಸಲಿಲ್ಲ. ನಾನು ಗದರಿಸಿದೆ. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅರ್ಥವಾಗದ ಹಾಗೆ ಇದ್ದೆ.

ಪತ್ರಿಕೆಯನ್ನು ಇವರು ಮಧ್ಯಾಹ್ನವಿಡೀ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದರಲ್ಲಿ ಇವರ ಮಿತ್ತಣ್ಣನ ಚಿತ್ರ ಇದೆ. ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಅವರಿಗೆ ಇವರು ಇಟ್ಟ ಹೆಸರು ಅದು. ತುಳುವಿನಲ್ಲಿ ಮಿತ್ತ್ ಎಂದರೆ ಮೇಲೆ. ಮೇಲೆ ಕೂತ ಅಣ್ಣ, ಆದ್ದರಿಂದ ಮಿತ್ತಣ್ಣ. ಆ ಮನುಷ್ಯನ ಮೇಲೆ ಇವರಿಗೆ ಯಾಕಿಷ್ಟು ಅಭಿಮಾನವೆಂದರೆ, ಯುದ್ಧದಲ್ಲಿ ಜರ್ಮನರ ಸೆರೆ ಸಿಕ್ಕಿ ಎರಡು ಸಲ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರು, ಮೂರನೆಯ ಸಲ ಪಾರಾದರು. ಅಧ್ಯಕ್ಷರಾಗಲು ಎರಡು ಸಲ ನಿಂತು ಸೋತರು, ಮೂರನೆಯ ಸಲ ಗೆದ್ದರು. ಇವರೂ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದವರು. ನಾನು ಒಂದೇ ಸಲಕ್ಕೆ ಪಾಸು. ಹಾಗಾಗಿ ಅಂಥ ಅಣ್ಣಂದಿರು ನನಗೆ ಬೇಕಾಗಿಲ್ಲ.

ಎಂಬತ್ತೊಂದರಲ್ಲಿ ಅವರು ಗೆದ್ದಾಗ, ಸಮಾಜವಾದಿ ಬಂದನಲ್ಲ ಎಂದು ಕಂಪೆನಿಯ ಸಾಹೇಬರೆಲ್ಲ ಮುಖ ಸಣ್ಣ ಮಾಡಿಕೊಂಡಿದ್ದರಂತೆ. ಇವರೊಬ್ಬರೇ ಮತ್ರಾ ಪೇಟೆಯಿಂದ ಲಾಡು ತಂದು ಸ್ಟೋರಿನಲ್ಲಿ ಹಂಚಿದರಂತೆ. ಆಗ ನಾನು ಇನ್ನೂ ಊರಿನಲ್ಲಿದ್ದೆ. ತೊಂಬತ್ತೆರಡರಲ್ಲಿ ಅವರು ಮಸ್ಕತ್ತಿಗೆ ಬಂದಾಗ ಇವರು ಬೆಳಗಿನಿಂದ ರಸ್ತೆಬದಿಯಲ್ಲಿ ನಿಂತು ನೋಡಿ ಬಂದರು. ಅಧ್ಯಕ್ಷರು ಕಾರಿನೊಳಗಿನಿಂದ ತಮಗೇ ಕೈ ಬೀಸಿದರು ಎಂದು ಈಗಲೂ ಹೇಳುತ್ತಾರೆ. ಜೊತೆಗಿದ್ದ ಮೀನಂಗಡಿಯ ಮೊಯ್ದುವನ್ನು ಕೇಳಿದರೆ, ಕಂಡದ್ದು ಕಪ್ಪು ಗಾಜು ಮಾತ್ರ.

ಈ ಸಲದ ಚಿತ್ರದಲ್ಲಿ ಅಧ್ಯಕ್ಷರ ಪಕ್ಕ ಒಬ್ಬ ಹುಡುಗಿ. ಹೆಂಡತಿಯಲ್ಲದವಳಲ್ಲಿ ಹುಟ್ಟಿದ ಮಗಳಂತೆ. ಇಪ್ಪತ್ತು ವರ್ಷ ಊರಿಗೆಲ್ಲ ಗೊತ್ತಾಗದಂತೆ ಸಾಕಿದ್ದರಂತೆ. ಛೀ ಎಂದೆ. ಇಷ್ಟು ದೊಡ್ಡ ಕುರ್ಚಿಯಲ್ಲಿ ಕೂತವನು, ಛೀ.

“ಪೇಪರಿನವರು ಒಮ್ಮೆ ಎದುರಿಗೇ ಕೇಳಿದ್ದರಂತೆ ವಾರಿಜ, ನಿಮಗೊಬ್ಬಳು ಮಗಳಿದ್ದಾಳಂತೆ ಹೌದಾ ಅಂತ,” ಎಂದರು ಇವರು. “ಹೌದು, ಅದಕ್ಕೇನು, ಅಂದನಂತೆ.”

“ಅದಕ್ಕೇನು ಅಂತ ಹೆಂಡತಿಯ ಹತ್ತಿರ ಕೇಳಬೇಕಿತ್ತು,” ಎಂದೆ ನಾನು.

ಇವರು ಪತ್ರಿಕೆ ಮಡಚಿದರು. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

೨ ಡಿಸೆಂಬರ್ ೧೯೯೪, ಶುಕ್ರವಾರ

ಮೊನ್ನೆಯಿಂದ ಇವರಿಗೆ ಮೆಟ್ಟಿಲು ಹತ್ತುವಾಗ ಉಬ್ಬಸ. ನಿನ್ನೆ ಡಾಕ್ಟರ್ ಎದೆಯ ಪಟ ತೆಗೆಸಿ ನೋಡಿ, ಹೃದಯ ದೊಡ್ಡದಾಗಿದೆ ಎಂದರು. ಔಷಧಿಯಲ್ಲಿ ದಿನ ತಳ್ಳಬಹುದು, ಗುಣವಾಗುವುದಲ್ಲ ಎಂದು ಜಯಕರನಿಗೆ ಬೇರೆ ಕರೆದು ಹೇಳಿದರಂತೆ.

ಇಂದು ಮಧ್ಯಾಹ್ನ ಮಗ ಸೊಸೆ ಸಮುದ್ರದಂಡೆಗೆ ಹೋಗಿದ್ದಾಗ ಇವರು ನನ್ನನ್ನು ಕರೆದು ಕೂರಿಸಿ ಹೇಳಿದರು. ಇಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ಎದ್ದಾಗ ಕನಸೆಂದು ಅನಿಸೀತು. ಸ್ಟೆಲ್ಲಾ ಎಂಬ ನರ್ಸು. ಮಂಗಳೂರಿನ ಕಡೆಯ ಕ್ರಿಶ್ಚನ್ನರು. ನಾನು ಊರಿನಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಇವರು ಕಳಿಸುವ ಬ್ಯಾಂಕ್ ಡ್ರಾಫ್ಟು ಕಾಯುತ್ತಿದ್ದ ಕಾಲದಲ್ಲಿ. ಅವಳಲ್ಲಿ ಇವರಿಗೆ ಒಬ್ಬಳು ಮಗಳು, ಹದಿನೇಳು ವರ್ಷ, ಇಲ್ಲೇ ವಾದಿ ಕಬೀರಿನಲ್ಲಿ ತಾಯಿಯ ಜೊತೆ ಇದ್ದಾಳೆ. ಹೆಸರು ಒಲಿಂಡಾ.

ನಾನು ಅಳಲಿಲ್ಲ. ನಿಮ್ಮ ಮಿತ್ತಣ್ಣ ತಲೆ ಕಡಿಯುವ ಶಿಕ್ಷೆ ನಿಲ್ಲಿಸಿದ್ದು ನಿಮ್ಮ ಪುಣ್ಯ ಎಂದೆ.

“ಅವಳು ಒಮ್ಮೆ ಈ ಮನೆಗೆ ಬರಬೇಕು ವಾರಿಜ. ಕದ್ದು ನೋಡಿ ನೋಡಿ ಸಾಕಾಯಿತು. ನಾನಿರುವಾಗ ಒಮ್ಮೆ. ಮತ್ತೆ ಏನೂ ಕೇಳುವುದಿಲ್ಲ.”

“ನಾನಿರುವಾಗ ಇಲ್ಲ,” ಎಂದೆ.

೩ ಡಿಸೆಂಬರ್

ಇಂದು ಬರೆಯುವುದಕ್ಕೇನೂ ಇಲ್ಲ.

೯ ಡಿಸೆಂಬರ್, ಶುಕ್ರವಾರ

ಬಂಗುಡೆ ಸಾರು. ಉಪ್ಪು ಹೆಚ್ಚಾಯಿತು. ಯಾರೂ ಹೇಳಲಿಲ್ಲ, ಎಲ್ಲರೂ ನೀರು ಕುಡಿದರು.

೧೪ ಜನವರಿ ೧೯೯೫, ಶನಿವಾರ

ಮೊಯ್ದು ಮೀನು ಕೊಡಲು ಬಂದಾಗ ನಿಲ್ಲಿಸಿ ಆ ನರ್ಸಿನ ವಿಷಯ ಕೇಳಿದೆ. ಅವನು ಬಾಗಿಲ ಚೌಕಟ್ಟು ನೋಡುತ್ತಾ ನಿಂತ. ಅವನಿಗೆ ಮೊದಲಿನಿಂದಲೂ ಗೊತ್ತು. ಅವನ ಹೆಂಡತಿ ಸೈನಬಳಿಗೆ ಗೊತ್ತು. ಮತ್ರಾದ ಸೂಕಿನ ಅರ್ಧ ಪೇಟೆಗೆ ಗೊತ್ತು. ಹತ್ತು ವರ್ಷದಿಂದ ನಾನು ಇಲ್ಲಿ ಎಲ್ಲರ ಮದುವೆ ಮುಂಜಿಗೆ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೇನೆ, ಹಿಂದಿನ ಸಾಲಿಗೆಲ್ಲ ಗೊತ್ತಿತ್ತು.

“ಅಕ್ಕ, ಹೇಳಿದರೆ ನೀವು ನನ್ನ ಅಂಗಡಿಯ ಮೀನು ತಗೊಳ್ತಿರಲಿಲ್ಲ,” ಎಂದ. ಇನ್ನೂ ತೆಗೆದುಕೊಳ್ಳುತ್ತೇನೆಂದು ಯಾರು ಹೇಳಿದರು ಎಂದೆ. ಆದರೆ ಬೇರೆಯವರ ಮೀನು ಒಳ್ಳೆಯದಿರುವುದಿಲ್ಲ.

ಸಂಜೆ ಜಯಕರನನ್ನು ಕೂರಿಸಿ ನಿಯಮ ಹೇಳಿದೆ. ನಮ್ಮಲ್ಲಿ ಮಕ್ಕಳು ತಾಯಿಯ ಬರಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು. ತಂದೆಯ ಬಳ್ಳಿ ಅಲ್ಲ, ತಾಯಿಯ ಬಳ್ಳಿ. ನಾನು ಕರ್ಕೇರ, ನನ್ನ ಮೂವರು ಮಕ್ಕಳೂ ಕರ್ಕೇರ. ಇವರು ಸಾಲ್ಯಾನ್. ಶಾಲೆಗೆ ಸೇರಿಸುವಾಗಲೂ ನನ್ನ ಅಣ್ಣನೇ ಕರೆದುಕೊಂಡು ಹೋಗಿ ಕರ್ಕೇರ ಎಂದೇ ಬರೆಸಿದ್ದ. ಆ ಲೆಕ್ಕದಲ್ಲಿ ಆ ನರ್ಸಿನ ಮಗಳು ಆ ನರ್ಸಿನ ಮನೆಯದು. ನಮಗೂ ಅದಕ್ಕೂ ಏನೂ ಇಲ್ಲ. ಈ ಹೊಸ್ತಿಲು ಅದು ದಾಟತಕ್ಕದ್ದಲ್ಲ. ಜಯಕರ ಕಾರಿನ ಕೀ ತಿರುಗಿಸುತ್ತಾ ಎಲ್ಲ ಕೇಳಿಸಿಕೊಂಡು ಎದ್ದು ಹೋದ. ಹಿರಿಯರ ಕಟ್ಟಳೆಗೆ ಎದುರು ಹೇಳುವಂಥದ್ದು ಏನಿರುತ್ತದೆ.

ಇವರಿಗೆ ಬಡಿಸುವುದು ಬಿಟ್ಟಿಲ್ಲ. ಔಷಧಿ ಕೊಡುವುದು ಬಿಟ್ಟಿಲ್ಲ. ಮಾತು ಮಾತ್ರ ಬಿಟ್ಟಿದ್ದೇನೆ.

೧೭ ಮೇ ೧೯೯೫, ಬುಧವಾರ

ಇಂದು ಇವರ ಮಿತ್ತಣ್ಣ ಅಧಿಕಾರ ಬಿಟ್ಟಿಳಿದರು. ಹದಿನಾಲ್ಕು ವರ್ಷವಾಯಿತಂತೆ. ಜಯಕರ ಮಾಳಿಗೆಯ ಮೇಲೆ ಡಿಶ್ ಹಾಕಿಸಿದ್ದರಿಂದ ಟಿ.ವಿ.ಯಲ್ಲಿ ಬಂತು. ಬಿಳುಚಿದ ಮುಖ, ಮೇಣದ ಹಾಗೆ. ಕ್ಯಾನ್ಸರ್ ಎಂದು ಆಗಲೇ ಎಲ್ಲರಿಗೂ ಗೊತ್ತಾಗಿದೆ. ಯುದ್ಧಕಾಲದಲ್ಲಿ ಮೊದಲು ಯಾರ ಕಡೆ ಇದ್ದರು ಎಂದೂ ಈಚೆಗೆ ಕೆದಕುತ್ತಿದ್ದಾರಂತೆ. ಹೊಸಬ ಕಾರಿನವರೆಗೆ ಬಂದು ಕಳಿಸಿಕೊಟ್ಟ. ಕೈ ಕುಲುಕಿದರು, ಕಾರು ಹತ್ತಿದರು, ಅಷ್ಟೇ.

ಇವರು ದಿಂಬಿಗೊರಗಿ ನೋಡುತ್ತಿದ್ದರು. ಕಾಲು ಬಾತಿದೆ. “ಇನ್ನು ಪಾಪ, ನೆಮ್ಮದಿಯಲ್ಲಿ ಮನೆಯಲ್ಲಿ ಕೂತುಕೊಳ್ಳಬಹುದು ಅವನಿಗೆ,” ಎಂದರು.

“ಯಾವ ಮನೆಯಲ್ಲಿ?” ಎಂದೆ.

ಬಾಯಿ ತಪ್ಪಿ ಬಂತು. ಐದು ತಿಂಗಳಲ್ಲಿ ಇವರೊಡನೆ ನಾನಾಗಿ ಆಡಿದ ಮೊದಲ ಮಾತು. ಇವರು ನನ್ನನ್ನೇ ನೋಡಿದರು, ಆಮೇಲೆ ನಗಲು ಶುರು ಮಾಡಿದರು, ನಗು ಕೆಮ್ಮಾಯಿತು, ನಾನು ಬೆನ್ನು ನೀವಬೇಕಾಯಿತು. ನನಗೂ ನಗು ಬಂದದ್ದನ್ನು ಇವರು ನೋಡಿಲ್ಲ. ಬೆನ್ನ ಹಿಂದೆ ಇದ್ದೆನಲ್ಲ.

೧೦ ಅಕ್ಟೋಬರ್ ೧೯೯೫, ಮಂಗಳವಾರ

ಬೆಳಿಗ್ಗೆ ಇವರು ಮೊಯ್ದುವಿನ ಅಂಗಡಿಯಲ್ಲಿ ಕೂತಿದ್ದವರು ಹಾಗೇ ಕುಸಿದರು. ಮನೆಗೆ ಫೋನು ಮಾಡಿದರೆ ಎಂಗೇಜು, ದಮಯಂತಿ ಯಾರೊಡನೆಯೋ ಮಾತಾಡುತ್ತಿದ್ದಳು. ಮೊಯ್ದು ಗಾಬರಿಯಲ್ಲಿ ಇವರನ್ನು ಕಾರಿಗೆ ಹಾಕಿ ಆಸ್ಪತ್ರೆಗೆ ಒಯ್ದು, ಅಲ್ಲಿಂದ ಸ್ಟೆಲ್ಲಾ ಕೆಲಸ ಮಾಡುವ ಕ್ಲಿನಿಕ್ಕಿಗೆ ಫೋನು ಮಾಡಿದ್ದಾನೆ. ಆಮೇಲೆ ಜಯಕರನ ಆಫೀಸಿಗೆ. ನಾವು ಹೋಗುವಾಗ ಇವರನ್ನು ಮೇಲಿನ ವಾರ್ಡಿಗೆ ಸೇರಿಸಿ ಆಗಿತ್ತು.

ಕೌಂಟರಿನಲ್ಲಿದ್ದ ಮಲಯಾಳಿ ಹುಡುಗಿ, ಪೇಶೆಂಟಿನ ಹತ್ತಿರ ಒಬ್ಬರನ್ನೇ ಬಿಡುವುದು, ಈಗ ಮಗಳು ಇದ್ದಾರೆ, ನೀವು ಯಾರು ಎಂದಳು. ಹೆಂಡತಿ ಎಂದೆ. ಕಾರ್ಡು ನೋಡಿದಳು. ವಾರಿಜಾಕ್ಷಿ ಕರ್ಕೇರ. ಜಯಕರನದ್ದು ನೋಡಿದಳು, ಅದರಲ್ಲೂ ಕರ್ಕೇರ. ಪೇಶೆಂಟ್ ಭೋಜರಾಜ ಸಾಲ್ಯಾನ್. ಒಳಗಿರುವವಳು ಒಲಿಂಡಾ ಸಾಲ್ಯಾನ್. ನಾವು ಯಾರದೋ ಮದುವೆಗೆ ತಪ್ಪಿ ಬಂದವರ ಹಾಗೆ ಆಕೆ ನಮ್ಮನ್ನು ನೋಡಿದಳು.

ಕ್ರಿಶ್ಚನ್ನರಲ್ಲಿ ಮಕ್ಕಳಿಗೆ ತಂದೆಯ ಹೆಸರು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಇಷ್ಟು ದಿನ ಆ ಕಡೆಗೆ ಯೋಚನೆ ಹೋಗಿರಲಿಲ್ಲ. ಜಯಕರ ಇಂಗ್ಲಿಷಿನಲ್ಲಿ ಅಳಿಯಸಂತಾನ, ತಾಯಿಯ ಮನೆ ಎಂದೆಲ್ಲ ವಿವರಿಸುತ್ತಿದ್ದ. ಆಕೆಯದ್ದೂ ಮಲಬಾರು ಕಡೆ ಇರಬೇಕು, ಅಲ್ಲೂ ಇದೇ ಪದ್ಧತಿಯುಂಟು, ಕೊನೆಗೆ ತಲೆಯಾಡಿಸಿ ಬಿಟ್ಟಳು.

ಒಳಗೆ ಆ ಹುಡುಗಿ ಇವರ ಕೈ ಹಿಡಿದು ಕೂತಿತ್ತು. ನನ್ನನ್ನು ನೋಡಿ ತಟ್ಟನೆ ಎದ್ದಿತು. ಉದ್ದ ಮೈಕಟ್ಟು, ಎಣ್ಣೆ ಹಾಕಿ ಬಿಗಿದು ಕಟ್ಟಿದ ಜಡೆ. ಇವರ ಕಡೆ ಬಗ್ಗಿ ತುಳುವಿನಲ್ಲಿ, “ಅಪ್ಪಾ, ಏರ್ ಬೈದೆರ್ ತೂಲೆ,” ಎಂದಿತು. ಯಾರು ಬಂದಿದ್ದಾರೆ ನೋಡಿ ಎಂದು. ಎಷ್ಟು ಸ್ವಚ್ಛವಾದ ತುಳು. ನನ್ನ ಮೊಮ್ಮಗನಿಗೆ ನೀರು ಕೇಳಲೂ ತುಳುವಿನಲ್ಲಿ ಬರುವುದಿಲ್ಲ. ಕೂತು ಕಲಿಸಿದ್ದು ಇವರೇ ಇರಬೇಕು. ನನ್ನ ಮಕ್ಕಳು ಅಆಇಈ ಕಲಿಯುವಾಗ ಇವರು ಎಲ್ಲಿದ್ದರು.

ಕುರ್ಚಿ ನನಗೆ ಬಿಟ್ಟು ಹೊರಗೆ ಹೋಯಿತು. ಕುರ್ಚಿ ಇನ್ನೂ ಬೆಚ್ಚಗಿತ್ತು.

೧೩ ಅಕ್ಟೋಬರ್, ಶುಕ್ರವಾರ

ಇವರು ಸ್ವಲ್ಪ ಮೇಲು. ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಜಯಕರನಿಗೆ ಹೇಳಿದೆ, ಆ ಹುಡುಗಿ ನಾಳೆಯಿಂದ ಬರುವುದು ಬೇಡ, ಕೌಂಟರಿನಲ್ಲಿ ನಿಜವಾದ ಮನೆಯವರ ಹೆಸರು ಬರೆಸು ಎಂದು. ಅವನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ.

“ಅಮ್ಮ, ನೀನು ಹೇಳಿದ ನಿಯಮ ನಾನು ಒಂಬತ್ತು ತಿಂಗಳಿನಿಂದ ಯೋಚಿಸ್ತಾ ಇದ್ದೇನೆ. ಮಕ್ಕಳು ತಾಯಿಯ ಮನೆಯವರು ಅಂತಲ್ವಾ? ಹಾಗಾದ್ರೆ ನಾನು ನಿನ್ನ ಮನೆಯವನು. ಅಪ್ಪನ ಮನೆಯವನಲ್ಲ. ಅವಳು ಹೊರಗಾದ್ರೆ ಅದೇ ನಿಯಮದಲ್ಲಿ ನಾನೂ ಹೊರಗೆ, ಊರಿನಲ್ಲಿರುವ ತಂಗಿ ಮೋಹಿನಿಯೂ ಹೊರಗೆ, ಬೊಂಬಾಯಿಯಲ್ಲಿರುವ ತಮ್ಮನೂ ಹೊರಗೆ. ಅಪ್ಪನಿಗೆ ನಾವು ನಾಲ್ಕೂ ಜನ ಒಂದೇ. ಒಳಗಾದ್ರೆ ನಾಲ್ಕೂ ಜನ ಒಳಗೆ.”

ಕಾರು ಹೊರಡಿಸು, ಎ.ಸಿ. ವೃಥಾ ಓಡುತ್ತಿದೆ ಎಂದೆ.

ನನ್ನ ಅಜ್ಜಿ ಇದ್ದಿದ್ದರೆ ಈ ಮಾತಿಗೆ ಸರಿಯಾದ ಉತ್ತರ ಕೊಡುತ್ತಿದ್ದಳು. ಸಂಜೆಯಿಂದ ನಾನು ಹುಡುಕುತ್ತಿದ್ದೇನೆ. ಇವರ ಮನೆ ಎಂದರೆ ಇವರ ಅಕ್ಕನ ಮಕ್ಕಳದ್ದು, ಅದು ಸರಿ. ಇವರ ಹೆಸರು ಇವರ ತಾಯಿಯಿಂದ ಬಂದದ್ದು, ಇವರಿಂದ ಯಾರಿಗೂ ಹೋಗುವುದಲ್ಲ, ಅದೂ ಸರಿ. ಆದರೆ ಹೋಗಿದೆ. ಹೋಗಬಾರದ ದಾರಿಯಲ್ಲಿ ಹೋಗಿ ಒಬ್ಬಳ ಹತ್ತಿರ ಉಳಿದಿದೆ. ಇದಕ್ಕೆ ನಮ್ಮ ಕಟ್ಟಿನಲ್ಲಿ ಏನು ಹೇಳುತ್ತಾರೋ ತಿಳಿಯದು.

೧೬ ಅಕ್ಟೋಬರ್, ಸೋಮವಾರ

ವಾರ್ಡಿನ ಹೊರಗೆ ಬೆಂಚು. ಆ ಹುಡುಗಿ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಬಂದು, “ಆಂಟಿ, ಚಾ ತರ್ಲಾ?” ಎಂದಳು.

“ನಾನು ನಿನ್ನ ಆಂಟಿ ಅಲ್ಲ.”

“ಮತ್ತೆ ಎಂತ ಕರೀಬೇಕು?”

ಸೊಕ್ಕಿನಿಂದ ಕೇಳಿದ್ದಲ್ಲ. ತಿಳಿಯದೆ ಕೇಳಿದ್ದು. ನನಗೆ ತಿಳಿದಿದ್ದರೆ ತಾನೇ ಹೇಳುವುದು. ಕಿಟಕಿಯ ಕಡೆ ನೋಡಿದೆ. ಅವಳು ಹೋಗಿ ಚಾ ತಂದಳು. ಸಕ್ಕರೆ ಇರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಇವಳಿಗೆ ಹೇಳಿದವರು ಯಾರು. ಕೇಳಬೇಕೆಂದಿದ್ದೆ, ಕೇಳಿದರೆ ಮಾತು ಬೆಳೆಯುತ್ತದೆಂದು ಬಿಟ್ಟೆ. ಚಾ ಚೆನ್ನಾಗಿತ್ತು.

ಕೌಂಟರಿನಲ್ಲಿ ಹೆಸರು ತೆಗೆಸುವುದನ್ನು ಜಯಕರ ಮರೆತಿದ್ದಾನೆ. ನಾನೂ ನೆನಪಿಸಲಿಲ್ಲ, ಅವನಿಗೆ ಆಫೀಸಿನಲ್ಲಿ ಕೆಲಸ ಹೆಚ್ಚು.

೨ ನವೆಂಬರ್, ಗುರುವಾರ

ಇವರನ್ನು ಮನೆಗೆ ಕರೆತಂದೆವು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಆಸ್ಪತ್ರೆಯಲ್ಲಿ ಅವಳು ದಿನಾ ಬರುತ್ತಿದ್ದಳು. ಇಲ್ಲಿಗೆ ಬರುವ ಹಾಗಿಲ್ಲ. ಅಲ್ ಅಜೈಬಾದ ನಮ್ಮ ಫ್ಲಾಟಿಗೆ ಬಂದ ಮೇಲೆ ಇವರು ಬಾಗಿಲ ಗಂಟೆ ಆದಾಗಲೆಲ್ಲ ಕತ್ತು ಎತ್ತುತ್ತಾರೆ. ಪೇಪರಿನವನು, ಗ್ಯಾಸಿನವನು. ಮತ್ತೆ ಮಲಗುತ್ತಾರೆ. ಒಂದು ಮಾತೂ ಕೇಳುವುದಿಲ್ಲ. ಮತ್ತೆ ಕೇಳುವುದಿಲ್ಲ ಎಂದವರು ಮಾತಿನಂತೆ ನಡೆಯುತ್ತಿದ್ದಾರೆ. ಈ ಒಂದು ವಿಷಯದಲ್ಲಿಯೇ ಕೊಟ್ಟ ಮಾತು ಉಳಿಸಿಕೊಳ್ಳಬೇಕಿತ್ತೇ ಇವರಿಗೆ.

೯ ಜನವರಿ ೧೯೯೬, ಮಂಗಳವಾರ

ನಿನ್ನೆ ಮಧ್ಯಾಹ್ನ ರೇಡಿಯೋದಲ್ಲಿ ಬಂತು, ಮಿತ್ತೆರಾಂ ತೀರಿಕೊಂಡರೆಂದು. ಇವರು ಗಂಜಿ ಬೇಡವೆಂದರು. ನಾನು ಒತ್ತಾಯ ಮಾಡಲಿಲ್ಲ. ಬಂಧುಗಳು ತೀರಿಹೋದರೆ ಒಂದು ಹೊತ್ತು ಬಿಡುವುದುಂಟು.

ಸಾಹೇಬರು ಫೋನು ಮಾಡಿದ್ದರು. ಇವರು ಫ್ರೆಂಚಿನಲ್ಲಿ ಎರಡು ಮಾತಾಡಿ ಅತ್ತರು. ಇವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು. ತಮ್ಮ ತಾಯಿ ಹೋದಾಗ ಇವರು ಇಲ್ಲಿದ್ದರು, ನನಗೆ ಕಾಣಲಿಲ್ಲ.

೧೧ ಜನವರಿ, ಗುರುವಾರ

ಮಣ್ಣು ಮಾಡುವುದನ್ನು ಟಿ.ವಿ.ಯಲ್ಲಿ ತೋರಿಸಿದರು. ಪ್ಯಾರಿಸಿನ ದೊಡ್ಡ ಇಗರ್ಜಿಯಲ್ಲಿ ಲೋಕದ ದೊರೆಗಳೆಲ್ಲ ಸೇರಿದ್ದರು. ಆದರೆ ಪೆಟ್ಟಿಗೆ ಅಲ್ಲಿರಲಿಲ್ಲ. ಅದು ಅವರು ಹುಟ್ಟಿದ ಸಣ್ಣ ಊರಿನಲ್ಲಿತ್ತು. ಇವರು ನೋಡಬೇಕೆಂದರು, ದಿಂಬು ಎತ್ತರಿಸಿ ಕೂರಿಸಿದೆ. ನಾನೂ ಕೂತೆ.

ಆ ಊರಿನಲ್ಲಿ ಹೆಂಡತಿ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು. ಇಬ್ಬರು ಗಂಡುಮಕ್ಕಳು. ಅವರ ಜೊತೆಯಲ್ಲಿಯೇ ಪತ್ರಿಕೆಯ ಚಿತ್ರದಲ್ಲಿದ್ದ ಹುಡುಗಿ. ಅವಳ ತಾಯಿಯೂ ಇದ್ದಳು. ಯಾರೂ ಯಾರನ್ನೂ ತಳ್ಳಲಿಲ್ಲ. ಯಾರೂ ಬಾಗಿಲ ಹೊರಗೆ ನಿಂತಿರಲಿಲ್ಲ.

ನಾನು ಆ ಹೆಂಡತಿಯನ್ನೇ ನೋಡಿದೆ. ಬೆನ್ನು ನೆಟ್ಟಗಿತ್ತು. ಇಡೀ ಲೋಕ ಕಣ್ಣಿಟ್ಟು ನೋಡುತ್ತಿದೆ, ಬೆನ್ನು ಬಾಗಿಲ್ಲ. ಅವಳು ಬೇಡವೆಂದಿದ್ದರೆ ಆ ಹುಡುಗಿ ಅಲ್ಲಿ ನಿಲ್ಲಲು ಆಗುತ್ತಿತ್ತೇ. ಯಾರು ಏನೇ ಹೇಳಲಿ, ಇಂಥದ್ದು ನಡೆಯುವುದು ಮನೆಯ ಯಜಮಾನ್ತಿಯ ಬಾಯಿಂದಲೇ. ಅವಳು ಸಣ್ಣವಳಾದಳೆಂದು ನನಗೆ ಕಾಣಲಿಲ್ಲ. ಅಲ್ಲಿದ್ದವರಲ್ಲಿ ದೊಡ್ಡವಳಾಗಿ ಕಂಡದ್ದು ಅವಳೇ.

ಇವರು ಟಿ.ವಿ. ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಏನು ಎಂದೆ. ಏನಿಲ್ಲ ಎಂದರು.

೧೨ ಜನವರಿ, ಶುಕ್ರವಾರ

ಇವರ ಬಿ.ಪಿ. ದಿನಾ ನೋಡಬೇಕಂತೆ. ಅದಕ್ಕಾಗಿ ಪ್ರತಿದಿನ ಹೊತ್ತುಕೊಂಡು ಆಸ್ಪತ್ರೆಗೆ ಹೋಗುವುದು ಆಗುವ ಮಾತಲ್ಲ. ಒಲಿಂಡಾಳಿಗೆ ತಾಯಿ ಕಲಿಸಿದ್ದಾಳಂತೆ, ಬರುವ ವರ್ಷ ಮಂಗಳೂರಿಗೆ ನರ್ಸಿಂಗ್ ಕಲಿಯಲು ಹೋಗುವವಳು. ನಾಳೆ ಬಂದು ನೋಡಲಿ ಎಂದು ಜಯಕರನಿಗೆ ಹೇಳಿದೆ. ಅವನು, ಬಿ.ಪಿ. ನೋಡಲಿಕ್ಕಾ ಅಮ್ಮ, ಎಂದು ಕೇಳಿದ. ಮತ್ತೆಂತದಕ್ಕೆ ಎಂದೆ. ಅವನು ಫೋನಿನ ಕಡೆ ಓಡಿದ, ನಲವತ್ತು ವರ್ಷದ ಗಂಡಸು.

೧೩ ಜನವರಿ, ಶನಿವಾರ

ಬಂದಳು. ಬೆಳಿಗ್ಗೆಯೇ. ನಾನೇ ಬಾಗಿಲು ತೆಗೆದೆ. ಬಿ.ಪಿ.ಯ ಪೆಟ್ಟಿಗೆ ಎದೆಗೊತ್ತಿಕೊಂಡು ಹೊರಗೇ ನಿಂತಳು. ಹೊಸ್ತಿಲಿನ ಮಾತು ಅವಳವರೆಗೆ ತಲುಪಿದೆ ಎಂದು ಗೊತ್ತಾಯಿತು. ಮೊಯ್ದುವಿನ ಬಾಯಿ.

“ಬಾಗಿಲು ತೆರೆದಿಟ್ಟರೆ ಧೂಳು ಬರ್ತದೆ. ಒಳಗೆ ಬಾ,” ಎಂದೆ.

ಚಪ್ಪಲಿ ಹೊರಗೆ ಬಿಟ್ಟು, ಬಲಗಾಲಿಟ್ಟು ಬಂದಳು. ಅದನ್ನು ಯಾರು ಹೇಳಿಕೊಟ್ಟರೋ. ಇವರ ಮುಖದ ಬಗ್ಗೆ ನಾನು ಬರೆಯುವುದಿಲ್ಲ. ಕೋಣೆಯ ಬಾಗಿಲು ಎಳೆದುಕೊಂಡು ಅಡಿಗೆಮನೆಗೆ ಬಂದೆ. ಬಿ.ಪಿ. ನೋಡಲು ಒಂದು ಗಂಟೆ ಹಿಡಿಯಿತು.

ಹಿಟ್ಟು ಹೇಗೂ ಹೆಚ್ಚಿತ್ತು, ನೀರುದೋಸೆ ಮಾಡಿ ಕೊಟ್ಟೆ. ಮಗು ಮೂರು ತಿಂದು ಸಾಕೆಂದಿತು. ಈ ವಯಸ್ಸಿಗೆ ಮೂರು ಎಂತ ಸಾಕು. ಇನ್ನೆರಡು ಹಾಕಿದೆ. ತಿಂದಿತು. ಹೋಗುವಾಗ, “ಬರ್ತೇನೆ ದೊಡ್ಡಮ್ಮ,” ಎಂದಿತು. ಅದು ತಾನಾಗಿಯೇ ಹುಡುಕಿಕೊಂಡ ಶಬ್ದ. ದಮಯಂತಿ ನನ್ನ ಮುಖ ನೋಡಿದಳು. ಕಾವಲಿ ತೊಳೆ ಎಂದೆ ಅವಳಿಗೆ.

೨೦ ಜನವರಿ, ಶನಿವಾರ

ಒಲಿಂಡಾ ದಿನಾ ಬರುತ್ತಾಳೆ. ಇಂದು ಪೇಪರು ಓದಿ ಹೇಳಿದಳು. ಮಿತ್ತೆರಾಂ ತಮಗೆ ಕ್ಯಾನ್ಸರ್ ಇರುವುದನ್ನು ಅಧ್ಯಕ್ಷರಾದ ವರ್ಷವೇ ತಿಳಿದಿದ್ದರಂತೆ, ಹನ್ನೊಂದು ವರ್ಷ ದೇಶಕ್ಕೆ ಹೇಳಿರಲಿಲ್ಲವಂತೆ. ಅವರ ಡಾಕ್ಟರೇ ಈಗ ಹೊರಗೆ ಹಾಕಿದ್ದಾರೆ.

“ನೋಡು ವಾರಿಜ,” ಎಂದರು ಇವರು, ಮಾತಿನ ನಡುವೆ ಉಸಿರು ಹುಡುಕುತ್ತಾ. “ಅವನು ರೋಗವನ್ನೂ ಮುಚ್ಚಿಟ್ಟ, ಮಗಳನ್ನೂ ಮುಚ್ಚಿಟ್ಟ. ನಾನು ಒಂದನ್ನೇ.”

“ದೊಡ್ಡ ಉಪಕಾರ ಮಾಡಿದಿರಿ.”

ಒಲಿಂಡಾ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಕಾಗದ ನಡುಗುತ್ತಿತ್ತು. ಇವರೂ ನಕ್ಕರು. ಈ ಸಲ ಬೆನ್ನ ಹಿಂದೆ ಹೋಗಲು ನನಗೆ ಸಮಯ ಸಿಗಲಿಲ್ಲ.

೨೯ ಜನವರಿ, ಸೋಮವಾರ

ರಂಜಾನ್ ಶುರುವಾಗಿ ವಾರವಾಯಿತು. ಮೊಯ್ದು ಉಪವಾಸ ಬಿಟ್ಟ ಮೇಲೆ ಸೈನಬ ಮಾಡಿದ ಗಂಜಿ ಇವರಿಗೆಂದು ತರುತ್ತಾನೆ. ಇವರಿಗೆ ಎರಡು ಚಮಚ ಇಳಿದರೆ ಹೆಚ್ಚು. ಊರಿನಿಂದ ಮೋಹಿನಿಯನ್ನು ಕರೆಸಿದ್ದೇವೆ. ಕಿರಿಯವನಿಗೆ ವೀಸಾ ಆಗಲಿಲ್ಲ. ಮೋಹಿನಿ ಮೊದಲ ದಿನ ಒಲಿಂಡಾಳ ಕಡೆ ತಿರುಗಿಯೂ ನೋಡಲಿಲ್ಲ. ಅಡಿಗೆಮನೆಯಲ್ಲಿ ನನ್ನನ್ನು ಹಿಡಿದು, ನಿನಗೆ ಮಾನ ಮರ್ಯಾದೆ ಇಲ್ಲವಾ ಅಮ್ಮ ಎಂದಳು. ನನ್ನ ಮಾತನ್ನೇ ನನಗೆ ತಿರುಗಿ ಹೇಳಿದ ಹಾಗಿತ್ತು. ನನ್ನದು ಇದೆ, ನಿನ್ನದನ್ನು ನೀನು ನೋಡಿಕೋ ಎಂದೆ. ಇಂದು ಇಬ್ಬರೂ ಸೇರಿ ಇವರ ಮೈ ಒರೆಸಿ ಬಟ್ಟೆ ಬದಲಾಯಿಸಿದರು. ಮಾತಿಲ್ಲ. ಆದರೆ ಒಬ್ಬಳು ಎತ್ತಿದಾಗ ಇನ್ನೊಬ್ಬಳು ಎಳೆಯುತ್ತಾಳೆ, ಕೈಗಳಿಗೆ ಗೊತ್ತಾಗಿದೆ.

೪ ಫೆಬ್ರವರಿ, ಭಾನುವಾರ

ಇಂದು ಬೆಳಿಗ್ಗೆ ಇವರು ಹೋದರು.

ಎದ್ದಾಗಲೇ ಕೈ ತಣ್ಣಗಿತ್ತು. ಡಾಕ್ಟರ್ ಬಂದು, ಇನ್ನು ಕದಲಿಸುವುದು ಬೇಡ ಎಂದರು. ಒಲಿಂಡಾಳನ್ನು ಮೊಯ್ದು ಕರೆತಂದ. ಅವನು ಮೆಲ್ಲಗೆ ನನ್ನ ಹತ್ತಿರ ಬಂದು, ಅಕ್ಕ, ಅದರ ತಾಯಿ ಕೆಳಗೆ ಕಾರಿನಲ್ಲಿದ್ದಾರೆ, ಮೇಲೆ ಬರುವುದಿಲ್ಲ ಅಂತಾರೆ, ಅಲ್ಲೇ ಜಪಮಾಲೆ ಹಿಡಿದು ಕೂತಿದ್ದಾರೆ ಎಂದ. ನಾನು ಇವರ ಮುಖ ನೋಡಿದೆ. ಕಣ್ಣು ಅರ್ಧ ತೆರೆದಿತ್ತು.

“ಕಾರಿನಲ್ಲಿ ಕೂತು ಪ್ರಾರ್ಥಿಸಿದರೆ ಮೂರನೇ ಮಾಳಿಗೆಗೆ ಕೇಳ್ತದಾ? ಬರಲಿಕ್ಕೆ ಹೇಳು. ನಾನು ಹೇಳಿದೆ ಅಂತ ಹೇಳು.”

ಸಣ್ಣ ಮೈಯ ಹೆಂಗಸು. ಬಿಳಿ ಸಮವಸ್ತ್ರದಲ್ಲಿಯೇ ಬಂದಿದ್ದಳು, ಡ್ಯೂಟಿಯ ಮಧ್ಯದಿಂದ. ಇಷ್ಟು ದಿನ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸು ಬೇರೆಯೇ. ನನ್ನ ಕಾಲಿನ ಕಡೆ ಬಗ್ಗಲು ಬಂದಳು. ತೋಳು ಹಿಡಿದು ಎತ್ತಿದೆ. ಅದೆಲ್ಲ ಬೇಡ, ಆ ಬದಿಯಲ್ಲಿ ಕೂತುಕೊಳ್ಳಿ ಎಂದೆ. ಅವಳು ಆ ಬದಿ, ನಾನು ಈ ಬದಿ. ಇವರ ಒಂದು ಕೈ ಅವಳಿಗೆ, ಒಂದು ನನಗೆ ಆಯಿತು. ಹೇಗೂ ಹಾಗೆಯೇ ಇತ್ತಲ್ಲ.

ಮಕ್ಕಳು ನೀರು ಬಿಡಬೇಕು. ಬಾಲ್ಕನಿಯ ತುಳಸಿಯಿಂದ ಎಲೆ ತಂದು ಲೋಟಕ್ಕೆ ಹಾಕಿದೆ. ಜಯಕರ ಬಿಟ್ಟ. ಬೊಂಬಾಯಿಯವನ ಹೆಸರಿನಲ್ಲಿ ಇನ್ನೊಂದು ಚಮಚ ಅವನೇ ಬಿಟ್ಟ. ಮೋಹಿನಿ ಬಿಟ್ಟಳು. ಒಲಿಂಡಾ ಗೋಡೆಗೆ ಒರಗಿ ನಿಂತಿದ್ದಳು.

“ನಾನು ಬಿಡಬಹುದಾ ದೊಡ್ಡಮ್ಮ? ನಾವು… ನಮ್ಮಲ್ಲಿ ತುಳಸಿ ಇಲ್ಲ.”

“ಅವರಲ್ಲಿ ಇದೆ. ಕೇಳ್ತಾ ನಿಲ್ಲಬೇಡ ಮಗಾ, ಬಾ.”

ಲೋಟವನ್ನು ಅವಳ ಕೈಗೆ ಕೊಟ್ಟದ್ದು ಮೋಹಿನಿ. ಮೂರು ಚಮಚ ಕಟವಾಯಿಯಿಂದ ಇಳಿದುಹೋಗಿತ್ತು. ಒಲಿಂಡಾ ಒಂದು ಕೈಯಿಂದ ತಲೆ ಸ್ವಲ್ಪ ಎತ್ತಿ, ನರ್ಸುಗಳು ಕುಡಿಸುವ ಹಾಗೆ ಮೆಲ್ಲಗೆ ಬಿಟ್ಟಳು. ಅದನ್ನು ಇವರು ನುಂಗಿದರು. ಗಂಟಲು ಏರಿ ಇಳಿದದ್ದು ನಾನು ನೋಡಿದೆ. ಆಮೇಲೆ ಸ್ವಲ್ಪ ಹೊತ್ತು, ಅಷ್ಟೇ.

೫ ಫೆಬ್ರವರಿ, ಸೋಮವಾರ

ಎಲ್ಲ ಮುಗಿಯಿತು. ಸ್ನಾನ ಮಾಡಿ ಬಂದು ಕೂತಿದ್ದೇವೆ. ಮನೆಯ ತುಂಬ ಚಪ್ಪಲಿಗಳು. ಮಸ್ಕತ್ತಿನಲ್ಲಿರುವ ನಮ್ಮವರೆಲ್ಲ ಬಂದುಹೋದರು. ಸ್ಟೆಲ್ಲಾ ಮತ್ತು ಒಲಿಂಡಾ ನನ್ನ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಕೆಲವರು ಅದನ್ನು ನೋಡಿ ಚಾ ಕುಡಿಯದೆ ಎದ್ದರು. ಒಬ್ಬಾಕೆ ನನ್ನ ಕಿವಿಯ ಹತ್ತಿರ ಬಂದು, ವಾರಿಜಕ್ಕ, ನೀವಾ, ಎಂದಳು. ನಾನೇ ಎಂದೆ.

ಸಂಜೆ ಜಯಕರ ಮಂಗಳೂರಿನ ಪತ್ರಿಕೆಗೆ ಫೋನಿನಲ್ಲಿ ಹೇಳಲೆಂದು ನಿಧನದ ಸುದ್ದಿ ಬರೆದು ನನಗೆ ಓದಿ ತೋರಿಸಿದ. ಮೂಲತಃ ಮೂಲ್ಕಿಯವರಾದ ಭೋಜರಾಜ ಸಾಲ್ಯಾನ್ ಮಸ್ಕತ್ತಿನ ಸ್ವಗೃಹದಲ್ಲಿ ನಿಧನರಾದರು ಎಂದಿತ್ತು. ಬಾಡಿಗೆಯ ಫ್ಲಾಟು ಸ್ವಗೃಹ ಯಾವಾಗ ಆಯಿತು, ಅದನ್ನು ತೆಗೆ ಎಂದೆ. ಸರಳ ಸಜ್ಜನರೂ ಎಂದಿತ್ತು. ಸರಳ ತೆಗೆ, ಸಜ್ಜನ ಇರಲಿ ಎಂದೆ.

“ಮೃತರು ಪತ್ನಿ, ಇಬ್ಬರು ಪುತ್ರರು, ಒಬ್ಬಳು…” ಎಂದು ಅಲ್ಲಿ ನಿಲ್ಲಿಸಿ ನನ್ನನ್ನು ನೋಡಿದ. ಪೆನ್ನು ಕಾಗದದ ಮೇಲೆಯೇ ಇತ್ತು. ಮೋಹಿನಿಯೂ ನೋಡಿದಳು. ಒಲಿಂಡಾ ಎದ್ದು ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋಗತೊಡಗಿದಳು.

“ಇಬ್ಬರು ಪುತ್ರಿಯರು,” ಎಂದೆ. “ಸರಿಯಾಗಿ ಬರೆ. ಇಬ್ಬರು ಪುತ್ರರು, ಇಬ್ಬರು ಪುತ್ರಿಯರು.”

ಬರೆದ. ಅಡಿಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಜಯಕರ ಮುಂದಕ್ಕೆ ಓದಿದ, “ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.”

“ಅಪಾರ ತೆಗೆ,” ಎಂದೆ. “ಇದನ್ನು ಓದಿದ ಮೇಲೆ ಅಷ್ಟು ಜನ ಉಳಿಯುವುದಿಲ್ಲ.”